ಮೂರು ಕಂತಿನ ಶವದ ಕಥೆ: ಒಂದು ಮೀಮಾಂಸೆ

ವಿಷಯ

ವಿಚಾರಕ್ಕೆ ಎತ್ತಿಕೊಂಡಿರುವುದು ‘ದ ವಾಕಿಂಗ್ ಡೆಡ್: ಮಿಶೋನ್’ ಎಂಬ ವಿಡಿಯೋ ಗೇಮ್. ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಗೇಮ್ಸ್ ಇದನ್ನು 2016ರ ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ತಿಂಗಳಿಗೊಂದರಂತೆ ಮೂರು ಕಂತಾಗಿ ಬಿಟ್ಟಿತು. ಒಂದು ಕಂತಿಗೆ ಗಂಟೆ, ಒಂದೂವರೆ ಗಂಟೆ. ಅಲ್ಲಿಗೆ ಮುಗಿಯಿತು. ರಾಬರ್ಟ್ ಕರ್ಕ್‌ಮನ್ 2003ರಲ್ಲಿ ಶುರುಮಾಡಿದ ಕಾಮಿಕ್ಸ್ ಇದರ ಮೂಲ. ಅಲ್ಲಿ ಸತ್ತವರು ಎದ್ದು ತಿರುಗುತ್ತಾರೆ, ಬದುಕಿದವರನ್ನು ಕಚ್ಚುತ್ತಾರೆ. ಮಿಶೋನ್ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡ ತಾಯಿ. ಸಾಯಲು ಹೊರಟವಳನ್ನು ಪೀಟ್ ಎಂಬಾತ ತಡೆದು ತನ್ನ ಹಡಗಿಗೆ ಕರೆದುಕೊಂಡು ಹೋಗುತ್ತಾನೆ. ಮುಂದೆ ಅವಳು ದೋಣಿಗಳನ್ನೇ ಊರು ಮಾಡಿಕೊಂಡ ಮನ್ರೋ ಎಂಬ ಗುಂಪಿನ ಕೈಗೆ ಸಿಕ್ಕಿಬೀಳುತ್ತಾಳೆ. ಆ ಗುಂಪಿನ ಯಜಮಾನಿ ನಾರ್ಮಾ, ಅವಳ ತಮ್ಮ ಕ್ರೂರಿ ರ‍್ಯಾಂಡಲ್, ಇವರಿಂದ ತಪ್ಪಿಸಿಕೊಂಡ ಸ್ಯಾಮ್ ಎಂಬ ಹುಡುಗಿ. ಕಥೆ ಇಷ್ಟೇ.

ಆಡುವ ರೀತಿಯನ್ನೂ ಹೇಳಬೇಕು. ಯಾರೋ ಏನೋ ಕೇಳುತ್ತಾರೆ. ಪರದೆಯ ಮೇಲೆ ನಾಲ್ಕು ಉತ್ತರ ಬರುತ್ತವೆ, ಜೊತೆಗೆ ಒಂದು ಗೆರೆ ಸವೆಯುತ್ತಾ ಹೋಗುತ್ತದೆ. ಗೆರೆ ತೀರುವಷ್ಟರಲ್ಲಿ ಒಂದನ್ನು ಒತ್ತಬೇಕು. ಆ ನಾಲ್ಕರಲ್ಲಿ ಸಾಮಾನ್ಯವಾಗಿ ಒಂದು ಮೌನ. ನಡುನಡುವೆ ಶವಗಳು ಮೇಲೆ ಬಿದ್ದಾಗ ಪರದೆ ತೋರಿಸಿದ ಕಡೆಗೆ ಬೆರಳು ಎಳೆದರೆ ಅವಳ ಕೈಯ ಮಚ್ಚು ಬೀಸುತ್ತದೆ.

ಈ ಅಮೆರಿಕದ ಆಟ ನಮಗೇಕೆ ಎಂದರೆ, ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ದಾವಣಗೆರೆ, ಹರಿಹರ ಬಿಟ್ಟು ಉಳಿದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹುಡುಗರಿಗೆ ಆಟದ ಯಂತ್ರವೆಂದರೆ ಮೊಬೈಲೇ. ಈ ಆಟ ಮೊಬೈಲಿಗೂ ಬಂದಿತ್ತು. ಅವರಲ್ಲಿ ಬಹಳಷ್ಟು ಜನಕ್ಕೆ ಜೋಂಬಿ, ಅಂದರೆ ಎದ್ದು ತಿರುಗುವ ಶವ, ಗುರುತಾದದ್ದು ಪಬ್‌ಜಿ ಎಂಬ ಮೊಬೈಲ್ ಆಟದಿಂದ. 2019ರ ಫೆಬ್ರವರಿಯಲ್ಲಿ ಅದಕ್ಕೆ ಜೋಂಬಿಗಳೊಂದಿಗೆ ಬೆಳಗಿನವರೆಗೆ ಹೋರಾಡುವ ಹೊಸ ಬಗೆ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ, 2022ರ ಫೆಬ್ರವರಿಯಲ್ಲಿ ಅಂಥದ್ದೇ ಇನ್ನೊಂದು ಆಟ ಫ್ರೀ ಫೈರ್ ದೇಶದಲ್ಲಿ ನಿಷೇಧವಾದವು. ಹುಡುಗರು ಮಾತ್ರ ಆಡುವುದನ್ನು ಬಿಡಲಿಲ್ಲ. ಆದ್ದರಿಂದ ಜೋಂಬಿ ಬೇಕೋ ಬೇಡವೋ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಎಂಥ ಜೋಂಬಿ ಕಥೆ ಒಳ್ಳೆಯದು ಎಂಬುದನ್ನು ಕೇಳಬಹುದು.

ಸಂಶಯ

ಮೂರೇ ಕಂತಿನಲ್ಲಿ ಮುಗಿಯುವುದು ಈ ಆಟದ ಗುಣವೋ ದೋಷವೋ?

ಪೂರ್ವಪಕ್ಷ

ದೋಷವೇ ಎನ್ನುವವರ ವಾದ ಹೀಗೆ. ಇದೇ ಸಂಸ್ಥೆಯ 2012ರ ಮೊದಲ ‘ವಾಕಿಂಗ್ ಡೆಡ್’ ಐದು ಕಂತಿನದು. ಅದರಲ್ಲಿ ಕೊಲೆಗೆ ಶಿಕ್ಷೆಯಾಗಿ ಜೈಲಿಗೆ ಹೊರಟಿದ್ದ ಇತಿಹಾಸದ ಮೇಷ್ಟ್ರು ಲೀ, ತಂದೆತಾಯಿ ದೂರವಾದ ಪುಟ್ಟ ಹುಡುಗಿ ಕ್ಲೆಮೆಂಟೈನ್‌ಳನ್ನು ಸಾಕುತ್ತಾನೆ. ಮೂರನೆಯ ಕಂತಿನಲ್ಲಿ ಓಡುವ ರೈಲಿನಲ್ಲಿ ಅವಳ ಕೂದಲು ಕತ್ತರಿಸುತ್ತಾನೆ. ಉದ್ದ ಕೂದಲಾದರೆ ಶವಗಳ ಕೈಗೆ ಸಿಗುತ್ತದೆ ಎಂಬುದು ಅದಕ್ಕೆ ಕಾರಣ. ಆ ಹೊತ್ತಿಗೆ ಆಡುವವನು ಹಲವು ಗಂಟೆ ಆ ಹುಡುಗಿಯ ಜೊತೆ ಕಳೆದಿರುತ್ತಾನೆ. ಅದಕ್ಕೇ ಕೂದಲು ಕತ್ತರಿಸುವುದೊಂದೇ ಎದೆಗೆ ತಾಗುತ್ತದೆ. ಅಂಥ ನಂಟು ಬೆಳೆಯಲು ಸಮಯ ಬೇಕು. ‘ಮಿಶೋನ್’ನಲ್ಲಿ ಆ ಸಮಯವಿಲ್ಲ. ಸ್ಯಾಮ್‌ಳ ತಮ್ಮ ಗ್ರೆಗ್ ಮೊದಲ ಕಂತಿನಲ್ಲೇ ಸಾಯುತ್ತಾನೆ, ನಮಗೆ ಅವನ ಹೆಸರು ಇನ್ನೂ ಬಾಯಿಗೆ ಹತ್ತಿರುವುದಿಲ್ಲ. ಅವಳ ತಂದೆ ಎರಡನೆಯದರಲ್ಲಿ ಬರುತ್ತಾನೆ, ಎರಡನೆಯದರಲ್ಲೇ ಹೋಗುತ್ತಾನೆ. ಅಳಬೇಕೆಂದು ಆಟ ಹೇಳುತ್ತದೆ, ಅಳು ಬರುವುದಿಲ್ಲ.

ಎರಡನೆಯ ವಾದ ಇನ್ನೂ ಗಡುಸು. ಆಯ್ಕೆ ನಿನ್ನದು ಎಂದು ಆಟ ಹೇಳುತ್ತದೆ, ಆದರೆ ನೀನು ಏನೇ ಆರಿಸಿದರೂ ಕಥೆ ಅದೇ ಗುಂಡಿಗೆ ಬಂದು ಬೀಳುತ್ತದೆ. ರ‍್ಯಾಂಡಲ್‌ನನ್ನು ಕೊಲ್ಲು, ಉಳಿಸು. ಸ್ಯಾಮ್‌ಳ ಮನೆಗೆ ಬೆಂಕಿ ಬೀಳುವುದು ತಪ್ಪುವುದಿಲ್ಲ. ಹಾಗಾದರೆ ಕೇಳಿದ್ದೇಕೆ?

ಮೂರನೆಯದು ಕಾಸಿನ ಲೆಕ್ಕ. ನಾಲ್ಕು ಗಂಟೆಯ ಆಟಕ್ಕೆ ದುಡ್ಡು ಯಾಕೆ? ಅದರ ಬದಲು ಪುಕ್ಕಟೆ ಸಿಗುವ, ವರ್ಷಗಟ್ಟಲೆ ಆಡಬಹುದಾದ ಆಟಗಳು ಇವೆಯಲ್ಲ.

ಸಿದ್ಧಾಂತ

ಮೊದಲು ಕಾಸಿನ ಲೆಕ್ಕ ಮುಗಿಸೋಣ, ಅದು ಹಗುರ. ಪುಕ್ಕಟೆ ಆಟ ಪುಕ್ಕಟೆಯಲ್ಲ. ಅದು ಎಂದೂ ಮುಗಿಯದಂತೆ ಮಾಡಿರುವುದೇ ಬಟ್ಟೆ, ಬಂದೂಕಿನ ಬಣ್ಣ, ಮುಂದಿನ ಹಂತ ಅಂತ ಸಾಲುಸಾಲಾಗಿ ಮಾರುವುದಕ್ಕೆ. ನಮ್ಮ ಮನೆಗಳಲ್ಲಿ ತಾಯಂದಿರು ‘ಫೋನ್ ಬಿಡೋದೇ ಇಲ್ಲ’ ಎಂದು ಗೊಣಗುವುದು ಇಂಥ ಆಟಗಳಿಗೇ. ಮುಗಿಯುವುದು ಕಥೆಯ ಮರ್ಯಾದೆ. ನಾಲ್ಕು ಗಂಟೆಯಲ್ಲಿ ಮುಗಿದು, ನಾಳೆ ಮತ್ತೆ ಬಾ ಎಂದು ಕರೆಯದ ಆಟಕ್ಕೆ ಕಾಸು ಕೊಡುವುದರಲ್ಲಿ ನಷ್ಟವಿಲ್ಲ.

ಆಯ್ಕೆ ಸುಳ್ಳು ಎಂಬ ವಾದಕ್ಕೆ ಉತ್ತರ ಕೊಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಶವ, ಕಂತು, ಪ್ರಶ್ನೆ, ಕೊಡಲೇಬೇಕಾದ ಉತ್ತರ ಈ ನಾಲ್ಕೂ ಕೂಡಿದ ಕಥೆ ನಮ್ಮಲ್ಲಿ ಸಾವಿರ ವರ್ಷದಿಂದ ಇದೆ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಸೇರಿಸಿದ ಬೇತಾಳನ ಇಪ್ಪತ್ತೈದು ಕಥೆಗಳನ್ನು ನೆನೆಯಿರಿ. ಮಕ್ಕಳ ಪತ್ರಿಕೆ ‘ಚಂದಮಾಮ’ ಅವನ್ನು ಕನ್ನಡದಲ್ಲೂ ಕಂತಾಗಿ ಹೇಳಿತು. ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್ ಬರೆದ ಚಿತ್ರ, ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ದಾರಿಯಲ್ಲಿ ತಲೆಬುರುಡೆ, ಆ ಪತ್ರಿಕೆ ಓದಿದ ಪ್ರತಿ ಮನೆಯನ್ನೂ ಹೊಕ್ಕಿತು. ಮೂಲದ ಇಪ್ಪತ್ತೈದು ತೀರಿದ ಮೇಲೂ ಪತ್ರಿಕೆ ಹೊಸ ಬೇತಾಳ ಕಥೆ ಕಟ್ಟುತ್ತಲೇ ಹೋಯಿತು.

ಆ ಕಥೆಯ ಕಟ್ಟನ್ನು ಹತ್ತಿರದಿಂದ ನೋಡಿ. ರಾಜ ವಿಕ್ರಮ ಮರದಿಂದ ಇಳಿಸಿ ಹೊತ್ತು ನಡೆಯುವ ಹೆಣದೊಳಗಿನ ಬೇತಾಳ ಕಥೆ ಹೇಳಿ ಕೊನೆಗೆ ಒಂದು ಧರ್ಮಸಂಕಟದ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು. ಮಾತಾಡಿದರೆ ಮೌನ ಮುರಿಯಿತು, ಹೆಣ ಹಾರಿ ಮರಕ್ಕೆ. ರಾಜ ಎಷ್ಟು ಸೊಗಸಾದ ಉತ್ತರ ಕೊಟ್ಟರೂ ಫಲ ಒಂದೇ: ಮತ್ತೆ ಮರ, ಮತ್ತೆ ಹೆಗಲು. ಇದಕ್ಕಿಂತ ಸುಳ್ಳಾದ ಆಯ್ಕೆ ಯಾವ ಆಟದಲ್ಲಿದೆ? ಆದರೂ ಯಾರೂ ಬೇತಾಳನ ಮೇಲೆ ದೂರು ಹೇಳಲಿಲ್ಲ. ಪ್ರಶ್ನೆಯ ಸಾರ ಫಲದಲ್ಲಿಲ್ಲ, ರಾಜ ಏನು ತೀರ್ಪು ಕೊಟ್ಟ, ಯಾಕೆ ಕೊಟ್ಟ ಎಂಬುದರಲ್ಲಿದೆ. ಓದುವ ಹುಡುಗ ಅಲ್ಲೇ ಪುಸ್ತಕ ಮಡಚಿ ‘ನಾನಾಗಿದ್ದರೆ?’ ಎಂದು ಯೋಚಿಸುತ್ತಾನೆ. ಜಗಳೂರು ಕಡೆ ಬಯಲಾಟ ನೋಡುವವರಿಗೂ ಕೀಚಕ ಸಾಯುತ್ತಾನೆಂದು ಗೊತ್ತು. ಅವನು ಸಾಯುವ ಮುನ್ನ ಏನು ಮಾತಾಡಿದ ಎಂಬುದಕ್ಕಾಗಿ ಅವರು ಬೆಳಗಿನವರೆಗೆ ಕೂರುತ್ತಾರೆ.

ಆದ್ದರಿಂದ ರ‍್ಯಾಂಡಲ್‌ನನ್ನು ಕೊಂದರೂ ಉಳಿಸಿದರೂ ಮನೆ ಉರಿಯುವುದು ದೋಷವಲ್ಲ. ಕೊಂದವನಾಗಿ ಉರಿಯುವ ಮನೆಯೊಳಗೆ ನಿಂತೆಯೋ, ಉಳಿಸಿದವನಾಗಿ ನಿಂತೆಯೋ, ಅದು ನಿನ್ನದು.

ಇನ್ನು ಮೊದಲ ವಾದ, ಸಮಯ ಸಾಲದು ಎಂಬುದು. ಇದನ್ನು ಅರ್ಧ ಒಪ್ಪಬೇಕು. ಒಪ್ಪುವ ಅರ್ಧದಲ್ಲೇ ನನ್ನ ನಿರ್ಣಯ ಇದೆ. ಬೇತಾಳನ ಒಂದು ಕಂತು ಕೆಲವೇ ಪುಟ. ಅಷ್ಟರಲ್ಲೇ ಅದು ತುಂಬಿ ನಿಲ್ಲುತ್ತದೆ, ಯಾಕೆಂದರೆ ಹೊರಗಿನ ಕಥೆಗೆ ಒಬ್ಬ ರಾಜ, ಒಂದು ಹೆಣ, ಒಂದು ದಾರಿ ಸಾಕು. ‘ಮಿಶೋನ್’ ಮಾಡಿದವರಿಗೆ ಆ ಸಂಯಮ ಇರಲಿಲ್ಲ. ಮೂರು ಕಂತಿಗೆ ಒಂದು ಹಡಗಿನ ಸಿಬ್ಬಂದಿ, ಒಂದು ತೇಲುವ ಊರು, ಅದರ ಯಜಮಾನಿ, ಅವಳ ತಮ್ಮ, ಒಬ್ಬ ಹುಡುಗಿ, ಅವಳ ಪೂರಾ ಮನೆಮಂದಿ ಎಲ್ಲರನ್ನೂ ತುರುಕಿದರು. ಐದು ಕಂತಿನ ಆಟದ ಸರಕನ್ನು ಮೂರಕ್ಕೆ ಇಳಿಸಿದರು. ಗ್ರೆಗ್‌ನ ಸಾವು ಸಪ್ಪೆಯಾದದ್ದು ಆಟ ಚಿಕ್ಕದೆಂದಲ್ಲ, ಅವನ ಪಕ್ಕದಲ್ಲಿ ಇನ್ನೂ ಹತ್ತು ಜನ ನಿಂತಿದ್ದರೆಂದು.

ಅದೇ ಆಟದಲ್ಲಿ ಇದಕ್ಕೆ ಪುರಾವೆಯೂ ಇದೆ. ಮಿಶೋನ್‌ಳ ಮಕ್ಕಳು ಕೊಲೆಟ್, ಎಲೊಡಿ ಅವಳಿಗೆ ಆಗಾಗ ಕಾಣಿಸುತ್ತಾರೆ, ಕೇಳಿಸುತ್ತಾರೆ. ಮೊದಲ ಕಂತಿನ ಶುರುವಿನಲ್ಲೇ ಅವಳು ಕಾಡಿನಲ್ಲಿ ಶವಗಳನ್ನು ಕಡಿಯುತ್ತಿರುವಾಗ ದೃಶ್ಯ ಕತ್ತರಿಸಿ ಹಳೆಯ ಮನೆಗೆ ಹೋಗುತ್ತದೆ, ಮತ್ತೆ ಕಾಡಿಗೆ ಬರುತ್ತದೆ. ನಮ್ಮ ಬೆರಳು ಪರದೆಯ ಮೇಲೆ ಎಳೆದದ್ದು ಮಚ್ಚಿಗೋ ಮನೆಯ ಬಾಗಿಲಿಗೋ ತಿಳಿಯದಂತೆ ಎರಡೂ ಹೆಣೆದುಕೊಳ್ಳುತ್ತವೆ. ಕೊನೆಯಲ್ಲಿ ಉರಿಯುವ ಮನೆಯೊಳಗೆ ಮಕ್ಕಳು ಮತ್ತೆ ಎದುರಾಗುತ್ತಾರೆ. ಇಲ್ಲೇ ಇರಲೇ, ಬಿಟ್ಟು ಹೋಗಲೇ ಎಂದು ಆಟ ನಮ್ಮನ್ನು ಕೇಳುತ್ತದೆ. ಇಲ್ಲಿ ಇರುವವರು ಮೂರೇ ಜನ, ತಾಯಿ ಮತ್ತು ಇಬ್ಬರು ಮಕ್ಕಳು. ಈ ಎಳೆಗೆ ಮೂರು ಕಂತು ಧಾರಾಳ. ಐದಾಗಿದ್ದರೆ ಎಳೆದಾಟವಾಗುತ್ತಿತ್ತು.

ಅಂದರೆ ದೋಷವಿರುವುದು ಅಳತೆಯಲ್ಲಲ್ಲ, ಅಳತೆಗೆ ತಕ್ಕ ಸರಕು ಆರಿಸದಿದ್ದದ್ದರಲ್ಲಿ.

ಮತ್ತೆ ಆಕ್ಷೇಪ, ಸಮಾಧಾನ

ಜೋಂಬಿ ನಮ್ಮ ದೆವ್ವವೇ ಅಲ್ಲ, ಬೇತಾಳನ ಜೊತೆ ಕಟ್ಟುವುದು ಬಲವಂತ ಎನ್ನಬಹುದು. ನಿಜ. ನಮ್ಮ ದೆವ್ವ ಮಾತಾಡುತ್ತದೆ, ಜೋಂಬಿ ಮಾತಾಡುವುದಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಊರೂರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರಲ್ಲ, ಆ ದೆವ್ವ ಮನೆಯವರದೇ ದನಿಯಲ್ಲಿ ಕೂಗುತ್ತದೆ ಎಂಬ ಭಯಕ್ಕೆ. ಓಗೊಟ್ಟು ಬಾಗಿಲು ತೆಗೆದರೆ ಕೆಟ್ಟೆವು ಎಂದು. ಆದರೆ ಇಲ್ಲೇ ನೋಡಿ: ಮಿಶೋನ್‌ಳನ್ನು ನಿಜವಾಗಿ ಕಾಡುವವರು ಹೊರಗೆ ಗುರುಗುಟ್ಟುವ ಶವಗಳಲ್ಲ, ಒಳಗಿಂದ ‘ಅಮ್ಮಾ’ ಎನ್ನುವ ಮಕ್ಕಳು. ಪ್ರೀತಿಸಿದವರ ದನಿಯಲ್ಲಿ ಕರೆಯುವ ದೆವ್ವ ಚನ್ನಗಿರಿಯ ಅಜ್ಜಿಗೂ ಗುರುತು ಸಿಗುತ್ತದೆ. ತೆಲುಗಿನಲ್ಲಿ ‘ಜೋಂಬಿ ರೆಡ್ಡಿ’, ತಮಿಳಿನಲ್ಲಿ ‘ಮಿರುದನ್’ ಎಂಬ ಸಿನಿಮಾಗಳು ಬಂದವು. ಅವೆರಡೂ ಹೊರಗಿನ ಶವವನ್ನು ಆಮದು ಮಾಡಿಕೊಂಡವು, ಈ ಒಳಗಿನ ದನಿಗೆ ಕಿವಿಗೊಡಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಂತಿನ ಆಟ ಕೊಂಡವನನ್ನು ಸಂಸ್ಥೆ ಅರ್ಧದಲ್ಲಿ ಕೈಬಿಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದು ಸುಳ್ಳಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಟೆಲ್‌ಟೇಲ್ ಏಕಾಏಕಿ ಬಹುಪಾಲು ನೌಕರರನ್ನು ಮನೆಗೆ ಕಳಿಸಿತು. ಆಗ ‘ವಾಕಿಂಗ್ ಡೆಡ್’ನ ಕೊನೆಯ ಸರಣಿ ನಡುವೆ ನಿಂತಿತ್ತು. ಕರ್ಕ್‌ಮನ್‌ರ ಸ್ಕೈಬೌಂಡ್ ಸಂಸ್ಥೆ ಕೈಹಾಕಿ 2019ರ ಮಾರ್ಚ್‌ನಲ್ಲಿ ಅದನ್ನು ಮುಗಿಸಿತು. ಈ ಅಪಾಯ ಕಂತು ಹೆಚ್ಚಿದಷ್ಟೂ ಹೆಚ್ಚು. ಮೂರು ತಿಂಗಳಲ್ಲಿ ಮೂರೂ ಕೊಟ್ಟು ಮುಗಿಸಿದ ‘ಮಿಶೋನ್’ಗೆ ಅದು ತಗಲಲಿಲ್ಲ. ಈ ಆಕ್ಷೇಪ ನನ್ನ ಪಕ್ಷಕ್ಕೇ ಸಾಕ್ಷಿ.

ಪ್ರತಿ ಕಂತಿನ ಕೊನೆಗೆ ಶೇಕಡಾ ಎಷ್ಟು ಜನ ನಿಮ್ಮಂತೆಯೇ ಮಾಡಿದರು ಎಂದು ಪಟ್ಟಿ ಬರುತ್ತದೆ. ಇದನ್ನು ಹೊಗಳುವವರಿದ್ದಾರೆ. ನನಗೆ ಇದು ದೊಡ್ಡ ಕುಂದು. ಒಬ್ಬ ಕೈದಿಯನ್ನು ಕೊಂದೆನೋ ಬಿಟ್ಟೆನೋ ಎಂಬ ಸಂಕಟದಲ್ಲಿ ಕೂತವನ ಮುಂದೆ ಮತ ಎಣಿಕೆಯ ಫಲಿತಾಂಶ ಹಿಡಿದಂತಾಗುತ್ತದೆ. ಬಹುಮತದ ಕಡೆ ಇದ್ದೇನೆಂದು ತಿಳಿದ ಕೂಡಲೇ ಸಂಕಟ ತೀರಿತು. ಬೇತಾಳ ಎಂದೂ ಉಳಿದ ರಾಜರು ಏನು ಹೇಳಿದರೆಂದು ವಿಕ್ರಮನಿಗೆ ಹೇಳಲಿಲ್ಲ.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಸಮಾಧಾನವಿಲ್ಲ. ಡಿಗ್ರಿ ಎರಡನೇ ವರ್ಷದಲ್ಲಿರುವ ನನ್ನ ಸೋದರಳಿಯ ಜಗಳೂರಿನಲ್ಲಿ ಕೂತು ಈ ಆಟ ಆಡುತ್ತಿದ್ದಾಗ ಪಕ್ಕದಲ್ಲಿದ್ದೆ. ನಾರ್ಮಾ ಏನೋ ಕೇಳಿದಳು. ಇಂಗ್ಲಿಷಿನಲ್ಲಿ ನಾಲ್ಕು ಉತ್ತರ ಬಂದವು. ಅವನ ತುಟಿ ಮೊದಲ ಸಾಲಿನ ಮೇಲೆ ಆಡುತ್ತಿತ್ತು, ಹೆಬ್ಬೆರಳು ಗಾಳಿಯಲ್ಲಿ ನಿಂತಿತ್ತು. ಗೆರೆ ಸವೆದು ಹೋಯಿತು. ‘ಮಾವ, ಓದೋದ್ರೊಳಗೆ ಮುಗ್ದೋತು’ ಎಂದ. ಆಟ ಅದನ್ನು ಮೌನವೆಂದು ಬರೆದುಕೊಂಡಿತು, ನಾರ್ಮಾಳೂ ಹಾಗೆಯೇ ತಿಳಿದಳು. ಬೇತಾಳನ ಕೊನೆಯ ಪ್ರಶ್ನೆಗೆ ರಾಜ ಸುಮ್ಮನಾದದ್ದು ಉತ್ತರ ತಿಳಿಯದೆ. ಆ ಮೌನಕ್ಕೆ ಬೆಲೆ ಇತ್ತು, ಕಥೆಯೇ ಅಲ್ಲಿ ತಿರುಗಿತು. ನನ್ನ ಅಳಿಯ ಸುಮ್ಮನಾದದ್ದು ಭಾಷೆ ಓದುವ ವೇಗಕ್ಕೆ ಸಿಗದೆ. ಆಯ್ಕೆಯೇ ಜೀವಾಳವಾದ ಆಟದಲ್ಲಿ ಓದಲಾಗದವನಿಗೆ ಆಯ್ಕೆ ಇಲ್ಲ. ಮಚ್ಚಿನ ಕಾದಾಟದಲ್ಲಿ ಅವನು ಒಮ್ಮೆಯೂ ತಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಓದುವ ಕೆಲಸವಿಲ್ಲ.

ನಿರ್ಣಯ

ಮೂರು ಕಂತು ಎಂಬುದು ‘ಮಿಶೋನ್’ನ ಗುಣ, ಅದರಲ್ಲಿ ತುಂಬಿದ ಜನಸಂದಣಿ ದೋಷ. ತಾಯಿಯ ಎಳೆ ಉಳಿಯುತ್ತದೆ, ಮನ್ರೋದ ಎಳೆ ಮರೆತುಹೋಗುತ್ತದೆ. ಶೇಕಡಾವಾರು ಪಟ್ಟಿ ಅನಗತ್ಯ. ಕನ್ನಡ ಓದುಗನಿಗೆ ಸವೆಯುವ ಗೆರೆ ಅನ್ಯಾಯ.

ಕನ್ನಡದಲ್ಲಿ ಇಂಥದ್ದು ಮಾಡಲು ದೊಡ್ಡ ಸಂಸ್ಥೆ ಬೇಕೆಂದೇನಿಲ್ಲ. ಟ್ವೈನ್ ಎಂಬ ಉಚಿತ ಸಾಧನದಲ್ಲಿ ಕೋಡ್ ಬರೆಯದೆಯೇ ಕವಲು ಕವಲಾದ ಕಥೆ ಕಟ್ಟಬಹುದು. ಅದು ಬ್ರೌಸರಿನಲ್ಲೇ ನಡೆಯುವುದರಿಂದ ಕನ್ನಡ ಅಕ್ಷರ ಹಾಗೆಯೇ ಮೂಡುತ್ತದೆ. ಹೊನ್ನಾಳಿ, ನ್ಯಾಮತಿಯ ಕಾಲೇಜುಗಳಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರು ಇದ್ದಾರೆ. ಅವರಲ್ಲಿ ಯಾರಾದರೂ ಕೈಹಾಕಿದರೆ ನನ್ನ ಕೋರಿಕೆ ಎರಡು: ಮೂವರಿಗಿಂತ ಹೆಚ್ಚು ಪಾತ್ರ ಬೇಡ, ಉತ್ತರಕ್ಕೆ ಗೆರೆ ಇಡಬೇಡಿ. ‘ಮಿಶೋನ್’ ಆಡಬೇಕೆನ್ನುವವರು ಮೊದಲು 2012ರ ಐದು ಕಂತು ಮುಗಿಸಿ ಬನ್ನಿ. ಇದರ ಪೊಟ್ಟಣದ ಮೇಲೆ 17 ದಾಟಿದವರಿಗೆ ಎಂದಿದೆ. ಹೈಸ್ಕೂಲು ಮಕ್ಕಳ ಕೈಗೆ ಕೊಡಬೇಡಿ.