ಅಲೆಯ ಮೇಲಿನ ಮಗು



ಕ್ಯಾಲಿಫೋರ್ನಿಯಾದ ಕಡಲತೀರವೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಏಳೆಂಟು ವರ್ಷದ ಬಾಲಕನೊಬ್ಬ ಕಿರುಚುತ್ತಾ ಕೈಕಾಲು ಬಡಿಯುತ್ತಿದ್ದಾನೆ. ಗಟ್ಟಿಮುಟ್ಟಾದ ಈಜುಗಾರನೊಬ್ಬ ಅವನನ್ನೆತ್ತಿ ಉದ್ದನೆಯ ಹಲಗೆಯ ಮುಂಭಾಗದಲ್ಲಿ ಮಲಗಿಸಿ, ತಾನೂ ಅದೇ ಹಲಗೆಯ ಹಿಂಭಾಗದಲ್ಲಿ ಮಲಗಿ, ಕೈಗಳಿಂದ ನೀರನ್ನು ತಳ್ಳುತ್ತಾ ಅಲೆಗಳಾಚೆಗೆ ಸಾಗುತ್ತಾನೆ. ಮರಳ ಮೇಲೆ ನಿಂತ ತಾಯಿ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಸ್ವಲ್ಪ ಹೊತ್ತಿನ ನಂತರ ಅಲೆಯೊಂದು ಅವರಿಬ್ಬರನ್ನೂ ದಡದತ್ತ ಹೊತ್ತು ತರುತ್ತದೆ. ಬಾಲಕ ಈಗ ಎದ್ದು ನಿಂತಿದ್ದಾನೆ, ಈಜುಗಾರ ಹಿಂದಿನಿಂದ ಹಿಡಿದುಕೊಂಡಿದ್ದಾನೆ. ಅಳು ಎಲ್ಲಿಯೋ ಉಳಿದುಹೋಗಿದೆ.

ಆ ಮಗುವಿಗೆ ಆಟಿಸಂ ಇದೆ. ನಮ್ಮ ಪತ್ರಿಕೆಗಳು ಇದನ್ನು ಸ್ವಲೀನತೆ ಎನ್ನುತ್ತವೆ, ಅಂದರೆ ತನ್ನಲ್ಲೇ ಲೀನವಾಗಿರುವುದು. ಈ ಪದ ನನಗೆ ಅಷ್ಟಾಗಿ ಹಿಡಿಸದು. ಮಗುವಿಗೆ ನಾವು ಬೇಡ ಎಂಬ ತೀರ್ಪು ಅದರಲ್ಲಿ ಮೊದಲೇ ಅಡಗಿದೆ.

ಸರ್ಫಿಂಗ್ ಎಂಬ ಈ ಅಲೆಯೇರುವ ಆಟವನ್ನು ಮುಲ್ಕಿ ಕಡೆಯ ವಾಚಕರು ಕಣ್ಣಾರೆ ಕಂಡಿರಬಹುದು. ಆಟಿಸಂ ಇರುವ ಮಕ್ಕಳಿಗಾಗಿ ಅದನ್ನು ಮೊದಲು ಸಂಘಟಿಸಿದವರಲ್ಲಿ ಇಸ್ರೇಲ್ ಪಾಸ್ಕೋವಿಟ್ಜ್ ಮತ್ತು ಅವರ ಪತ್ನಿ ಡೇನಿಯಲ್ ಪ್ರಮುಖರು. ಇಸ್ರೇಲ್ ಅವರ ತಂದೆ ಡೋರಿಯನ್ ವೈದ್ಯರಾಗಿದ್ದರೂ ಕಡಲಿನ ಹುಚ್ಚು ಹಿಡಿದವರು. ಒಂಬತ್ತು ಮಕ್ಕಳನ್ನು ಶಾಲೆಗೆ ಕಳುಹಿಸದೆ, ವಾಹನವೊಂದನ್ನೇ ಮನೆ ಮಾಡಿಕೊಂಡು ತೀರದಿಂದ ತೀರಕ್ಕೆ ಅಲೆದವರು. ಅಂಥ ಮನೆಯಲ್ಲಿ ಬೆಳೆದು ಸ್ಪರ್ಧೆಗಳಲ್ಲಿ ಹೆಸರು ಗಳಿಸಿದ ಇಸ್ರೇಲ್, ತನ್ನ ಮಗನೂ ಹಾಗೆಯೇ ಆಗಬೇಕೆಂದು ಬಯಸಿದ್ದು ಸಹಜ. ಆದರೆ ಮಗನಿಗೆ ಆಟಿಸಂ ಇರುವುದು ಎಳವೆಯಲ್ಲೇ ತಿಳಿಯಿತು. ಒಂದು ದಿನ ಹವಾಯಿಯಲ್ಲಿ ಮಗು ತಡೆಯಲಾಗದಂತೆ ರಂಪ ಮಾಡಿದಾಗ, ಬೇರೆ ದಾರಿ ಕಾಣದೆ ತಂದೆ ಅವನನ್ನು ತನ್ನ ಹಲಗೆಯ ಮೇಲೆ ಕೂರಿಸಿಕೊಂಡು ನೀರಿಗಿಳಿದರು. ಮಗು ಶಾಂತವಾಯಿತು. 1996ರಲ್ಲಿ ಆ ದಂಪತಿಗಳು ‘ಸರ್ಫರ್ಸ್ ಹೀಲಿಂಗ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ಶಿಬಿರಗಳಿಗೆ ಕುಟುಂಬಗಳಿಂದ ಹಣ ಪಡೆಯುವುದಿಲ್ಲ. ಮಗುವಿಗೆ ಅವರು ನೀಡುವ ಮಾತು ಗುಣಪಡಿಸುತ್ತೇವೆ ಎಂಬುದಲ್ಲ, ಒಂದು ಪರಿಪೂರ್ಣ ದಿನ ಎಂಬುದಷ್ಟೇ.

ನೀರು ಶಾಂತಿ ತರುವುದೇಕೆ? ಪ್ರಾಣಿವಿಜ್ಞಾನದ ಪ್ರಾಧ್ಯಾಪಕಿ ಟೆಂಪಲ್ ಗ್ರಾಂಡಿನ್ ಅವರಿಗೂ ಆಟಿಸಂ ಇದೆ. ಹದಿಹರೆಯದಲ್ಲಿ ಅರಿಝೋನಾದ ಚಿಕ್ಕಮ್ಮನ ಜಾನುವಾರು ಕೇಂದ್ರದಲ್ಲಿ, ಚುಚ್ಚುಮದ್ದಿಗಾಗಿ ಎರಡು ಬದಿಯಿಂದ ಒತ್ತಿ ಹಿಡಿದ ದನಗಳು ಶಾಂತವಾಗುವುದನ್ನು ಕಂಡು, ಅವರು ತಮಗೂ ಅಂಥದೇ ಯಂತ್ರವೊಂದನ್ನು ಮಾಡಿಕೊಂಡರು. ಮನುಷ್ಯರ ಅಪ್ಪುಗೆ ಅವರಿಗೆ ಅಸಹನೀಯವಾಗಿತ್ತು. ಒತ್ತಡ ಸಮನಾಗಿ, ತಾನು ಬಯಸಿದಷ್ಟೇ ಇದ್ದಾಗ ಹಿತವಾಗಿತ್ತು. ಕಡಲ ನೀರೂ ಮೈಯನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ, ಅಲೆಯ ಸದ್ದು ಇತರ ಸದ್ದುಗಳನ್ನು ಮರೆಸುತ್ತದೆ. ಕಾರಣ ಹೀಗಿರಬಹುದು. ಇದರ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು, ಅಲೆ ಆಟಿಸಂ ಅನ್ನು ತೊಡೆದುಹಾಕುತ್ತದೆಂದು ಯಾವುದೂ ಸಿದ್ಧಪಡಿಸಿಲ್ಲ. ಹಾಗೆಂದು ಇದನ್ನೋದಿ ಯಾರೂ ಮಗುವನ್ನು ತಾವಾಗಿಯೇ ಕಡಲಿಗಿಳಿಸಬಾರದು. ಆಟಿಸಂ ಇರುವ ಮಕ್ಕಳು ಯಾರ ಗಮನಕ್ಕೂ ಬಾರದೆ ಮನೆಯಿಂದ ಹೊರಟು, ಕೆರೆ ಬಾವಿಗಳಲ್ಲಿ ಮುಳುಗುವ ಅಪಾಯ ಇತರ ಮಕ್ಕಳಿಗಿಂತ ಬಹಳ ಹೆಚ್ಚು.

ಈಗ ನನ್ನನ್ನು ಕಾಡುವ ಪ್ರಶ್ನೆಗೆ ಬರುತ್ತೇನೆ. ಮಾತು ಬಾರದ ಮಗು ತನ್ನ ಇಡೀ ದೇಹದಿಂದ ‘ಬೇಡ’ ಎನ್ನುತ್ತಿರುವಾಗ ಅದನ್ನು ನೀರಿಗೊಯ್ಯುವುದು ನ್ಯಾಯವೇ? ಲಸಿಕೆ ಹಾಕಿಸುವಾಗ ಮಗುವಿನ ಒಪ್ಪಿಗೆ ಕೇಳುತ್ತೇವೆಯೇ ಎಂದು ನೀವು ವಾದಿಸಬಹುದು. ಆದರೆ ಲಸಿಕೆ ಹಾಕಿಸದಿದ್ದರೆ ಪ್ರಾಣಕ್ಕೆ ಅಪಾಯವುಂಟು, ಅಲೆಯೇರದಿದ್ದರೆ ಯಾರೂ ಸಾಯುವುದಿಲ್ಲ. ಮೇಲಾಗಿ, ಈ ಮಕ್ಕಳ ಮೇಲೆ ‘ನಿನ್ನ ಒಳ್ಳೆಯದಕ್ಕಾಗಿ’ ಎಂದು ನಡೆಸಿದ ಬಲವಂತಗಳ ಪಟ್ಟಿ ದೊಡ್ಡದು. ಹಲವು ಸಲ ಅದು ನಮ್ಮ ನೆಮ್ಮದಿಗಾಗಿ ನಡೆದದ್ದು. ಆದರೂ ಆ ಹಲಗೆಯ ಮೇಲೆ ನಾನೊಂದು ವ್ಯತ್ಯಾಸವನ್ನು ಕಾಣುತ್ತೇನೆ. ಒಯ್ಯುವವನು ಮಗುವನ್ನು ಕಡಲಿಗೆ ತಳ್ಳಿ ದಡದಲ್ಲಿ ನಿಂತಿಲ್ಲ. ಅದೇ ಹಲಗೆ, ಅದೇ ಉಪ್ಪುನೀರು ಅವನಿಗೂ. ಜೊತೆಗಿದ್ದ ಮಾತ್ರಕ್ಕೆ ಬಲವಂತವೆಲ್ಲ ನ್ಯಾಯವಾಗದು, ನಿಜ. ಮಗು ಅಲೆಗಳಾಚೆ ಹೋದ ಮೇಲೂ ಬೇಡವೆನ್ನುತ್ತಿದ್ದರೆ ಹಿಂದಿರುಗುವ ಮನಸ್ಸೂ ಒಯ್ಯುವವನಿಗೆ ಇರಬೇಕು. ಅಷ್ಟಿಲ್ಲದಿದ್ದರೆ ನಾನು ಆ ತಾಯಿಯ ಕಣ್ಣೀರಿನ ಪಕ್ಷವೇ.

ಇನ್ನೊಂದು ಮಾತು. ಬೇರೆ ಮಕ್ಕಳು ಕಡಲಿಗೆ ಹೋದರೆ ಅದು ಆಟ, ಈ ಮಗು ಹೋದರೆ ಅದು ಚಿಕಿತ್ಸೆ. ಇವನಿಗೆ ಕುದುರೆ ಸವಾರಿಯೂ ಚಿಕಿತ್ಸೆ, ಸಂಗೀತವೂ ಚಿಕಿತ್ಸೆ. ಯಾವ ಪ್ರಯೋಜನವೂ ಇಲ್ಲದೆ ಸುಮ್ಮನೆ ಸಂತೋಷಪಡುವ ಹಕ್ಕು ಇವನಿಗಿಲ್ಲವೇ? ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರು ಒಳಿತನ್ನು ಮೂರಾಗಿ ವಿಂಗಡಿಸುತ್ತಾರೆ: ಬೇರೊಂದಕ್ಕೆ ಸಾಧನವಾಗುವ ಒಳಿತು, ತನ್ನಷ್ಟಕ್ಕೇ ಅರಸಲು ಯೋಗ್ಯವಾದ ಒಳಿತು, ಆನಂದ ಕೊಡುವ ಒಳಿತು. ಅಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ, ಅಷ್ಟೇ. ಈ ಮಕ್ಕಳ ತಂದೆತಾಯಂದಿರು ‘ಇದರಿಂದ ಮಾತು ಬರುತ್ತದೆಯೇ ಫಾದರ್?’ ಎಂದು ಕೇಳುವಾಗಲೆಲ್ಲ ಅದು ನೆನಪಾಗುತ್ತದೆ. ಅವರನ್ನು ದೂರುವಂತಿಲ್ಲ. ಬ್ರೂನೋ ಬೆಟೆಲ್‌ಹೈಮ್ 1967ರ ತಮ್ಮ ಗ್ರಂಥದಲ್ಲಿ ತಾಯಂದಿರ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣವೆಂಬಂತೆ ಬರೆದರು. ಆ ವಾದ ಸುಳ್ಳೆಂದು ತಿಳಿದ ಮೇಲೂ ‘ನೀನೇನು ಮಾಡಿದೆ, ಏನು ಮಾಡಲಿಲ್ಲ?’ ಎಂಬ ಪ್ರಶ್ನೆ ಆ ತಾಯಂದಿರ ಬೆನ್ನು ಬಿಟ್ಟಿಲ್ಲ. ಹಾಗಾಗಿ ಮಗುವಿನ ಸಂತೋಷಕ್ಕೂ ಅವರು ಲೆಕ್ಕ ಒಪ್ಪಿಸಬೇಕಾಗಿದೆ.

ನಾನೂ ಲೆಕ್ಕ ಕೇಳಿದವನೇ. ಹಲವು ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ಭಾನುವಾರದ ಬಲಿಪೂಜೆಗೆ ತಾಯಿಯೊಬ್ಬರು ಇಂಥ ಮಗನೊಂದಿಗೆ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಒಂದು ವಾರ, ಬಲಿಪೂಜೆಯ ಅತ್ಯಂತ ಪವಿತ್ರ ಘಳಿಗೆಯಲ್ಲಿ ಹುಡುಗ ಜೋರಾಗಿ ಕೂಗಿದ. ಜನ ತಿರುಗಿ ನೋಡಿದರು. ಪೂಜೆ ಮುಗಿದ ಮೇಲೆ ನಾನು ಅವರ ಬಳಿ ಹೋಗಿ, ‘ಅಮ್ಮಾ, ಅವನು ಗಲಾಟೆ ಮಾಡುವಾಗ ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ’ ಎಂದೆ. ಮೃದುವಾಗಿಯೇ ಹೇಳಿದೆನೆಂದು ಆಗ ತೃಪ್ತಿಯೂ ಇತ್ತು. ಅವರು ತಲೆಯಾಡಿಸಿದರು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ.

ತಿಂಗಳ ನಂತರ ಅವರ ಮನೆಗೆ ಹೋದೆ. ಹುಡುಗ ಬಾಗಿಲ ಬಳಿ ಕುಳಿತು ಸ್ಟೀಲ್ ಲೋಟವೊಂದನ್ನು ಚಮಚದಿಂದ ಬಡಿಯುತ್ತಿದ್ದ. ಪ್ರತಿ ಸಲ ಬಡಿದ ಮೇಲೂ ಅಂದು ಕೂಗಿದಂತೆಯೇ ಕೂಗುತ್ತಿದ್ದ. ಆ ತಾಯಿ ಸಂಕೋಚದಿಂದ ಹೇಳಿದರು: ‘ಅದು ಗಲಾಟೆಯಲ್ಲ ಫಾದರ್. ಅವನಿಗೆ ನಿಮ್ಮ ಪೂಜೆಯ ಗಂಟೆ ಬಹಳ ಇಷ್ಟ.’