ಮಡಿ ಮನೆಯಲ್ಲಿ ಬೆಕ್ಕಿನ ತಿಂಡಿ

ಬೆಕ್ಕಿಗೆ ಮನೆಯಲ್ಲೇ ಟ್ರೀಟ್ ಮಾಡೋದು ದೊಡ್ಡ ವಿದ್ಯೆಯೇನಲ್ಲ. ಮೂಳೆ ಇಲ್ಲದ ಕೋಳಿಮಾಂಸವನ್ನು ಬರೀ ನೀರಿನಲ್ಲಿ ಬೇಯಿಸಿ, ಆರಿದ ಮೇಲೆ ಕಡಲೆಬೀಜದಷ್ಟು ಚೂರು ಮಾಡಿದರೆ ಆಯ್ತು. ಉಪ್ಪು ಬೇಡ, ಒಗ್ಗರಣೆ ಬೇಡ. ಈರುಳ್ಳಿ-ಬೆಳ್ಳುಳ್ಳಿಯಂತೂ ಬೇಡವೇ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಹಾಳುಮಾಡ್ತವೆ. ದಿನದ ಕ್ಯಾಲೊರಿಯಲ್ಲಿ ಇಂಥ ತಿಂಡಿಯ ಪಾಲು 10 ಪರ್ಸೆಂಟ್ ದಾಟಬಾರದು, ಅಷ್ಟೇ.

ಕಷ್ಟ ಶುರುವಾಗೋದು ಮೊಟ್ಟೆಯನ್ನೂ ಒಡೆಯದ ಮನೆಗಳಲ್ಲಿ. ಬೀದಿಯಿಂದ ಎತ್ತಿಕೊಂಡು ಬಂದ ಮರಿ ಈಗ ಮನೆಮಗು. ಅದಕ್ಕೆ ಕೈಯಾರೆ ಏನಾದ್ರೂ ಮಾಡಿಕೊಡೋ ಆಸೆ, ಆದರೆ ಮಾಂಸ ಮುಟ್ಟೋಕೆ ಮನಸ್ಸು ಒಪ್ಪಲ್ಲ. ಆಗ ಸಿಹಿಗುಂಬಳ, ಓಟ್ಸ್ ಕಲಸಿ ಹೃದಯದಾಕಾರದ ಬಿಸ್ಕತ್ತು ತಯಾರಾಗುತ್ತೆ. ಇಲ್ಲಾಂದ್ರೆ ಇದ್ದೇ ಇದೆಯಲ್ಲ, ಹಾಲು, ಮೊಸರನ್ನ.

ಈ ಬಿಸ್ಕತ್ತು ಯಾರಿಗೋಸ್ಕರ? ಬೆಕ್ಕಿಗೆ ಸಿಹಿ ಅನ್ನೋ ರುಚಿಯೇ ತಿಳಿಯಲ್ಲ. ಅದಕ್ಕೆ ಬೇಕಾದ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡಲ್ಲ ಅಂತ 2005ರಲ್ಲೇ ಗೊತ್ತಾಗಿದೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗಲ್ಲ. ಮಾಂಸ, ಮೀನಿನಲ್ಲಿ ಸಿಗುವ ಟಾರಿನ್ ಅನ್ನು ಬೆಕ್ಕಿನ ದೇಹ ತಾನೇ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಕೆಡುತ್ತೆ, ಹೃದಯ ಸೋಲುತ್ತೆ. ಹೃದ್ರೋಗಕ್ಕೂ ಇದಕ್ಕೂ ಇರುವ ನಂಟು 1987ರಲ್ಲಿ ಪತ್ತೆಯಾದ ಮೇಲೆ ಕ್ಯಾಟ್ ಫುಡ್ ಕಂಪನಿಗಳು ಟಾರಿನ್ ಪ್ರಮಾಣವನ್ನೇ ಹೆಚ್ಚಿಸಿದವು.

ಹಾಗಂತ ಒಂದು ತುಂಡು ಕುಂಬಳದ ಬಿಸ್ಕತ್ತಿನಿಂದ ಬೆಕ್ಕಿಗೆ ಅಪಾಯವೇನಿಲ್ಲ. ಯಾಕಂದ್ರೆ ಉಳಿದ 90 ಪರ್ಸೆಂಟ್ ಪ್ಯಾಕೆಟ್ಟಿನಿಂದ ಬರ್ತಿದೆ. ಆ ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ ಇರೋದೇನು? ಕೋಳಿ, ಮೀನು. ಕಂದು ಕಾಳಿನ ವೇಷದಲ್ಲಿ ಬಂದಿದ್ದರಿಂದ ಅದಕ್ಕೆ ಮಡಿಯ ಅಡ್ಡಿಯಿಲ್ಲ. ಕೊಂದವರು ಯಾರೋ, ಪುಡಿ ಮಾಡಿದವರು ಯಾರೋ, ನಮ್ಮ ಕೈ ಮಾತ್ರ ಶುದ್ಧ! ಮನೆಯಲ್ಲಿ ಮಾಡುವ ತಿಂಡಿ ಈ ಅನುಕೂಲವನ್ನು ಕಿತ್ತುಕೊಳ್ಳುತ್ತೆ. ಅದಕ್ಕೇ ಅದು ಇಷ್ಟು ಕಸಿವಿಸಿ.

ಪುಣ್ಯಕೋಟಿಯ ಕತೆ ಕೇಳಿ ಬೆಳೆದವರು ನಾವು. ಹಸುವಿನ ಸತ್ಯಕ್ಕೆ ಕಣ್ಣು ಒದ್ದೆ ಮಾಡಿಕೊಂಡೆವು. ಕೊನೆಗೆ ಹುಲಿಯೇ ಪ್ರಾಣ ಬಿಟ್ಟಿತು. ಅದು ಇನ್ನೇನು ತಿಂದು ಬದುಕಬೇಕಿತ್ತು ಅಂತ ಕೇಳಿದವರು ಕಡಿಮೆ. ಬೆಕ್ಕು ಸಾಕೋದು ಅಂದ್ರೆ ಆ ಪ್ರಶ್ನೆಯನ್ನು ಮನೆಯೊಳಗೆ ಕರ್ಕೊಂಡು ಬಂದ ಹಾಗೆ.

ಅಜ್ಜಿ ಏಕಾದಶಿಗೆ ಊಟ ಬಿಟ್ಟರೆ ಅದು ವ್ರತ. ಮೊಮ್ಮಗುವಿಗೂ ಊಟ ಕೊಡದಿದ್ದರೆ ಅದು ಬರೀ ಹಸಿವು. ಮಾಂಸ ಬಿಡೋದು ನನ್ನ ಆಯ್ಕೆಯಾದ್ದರಿಂದಲೇ ಅದಕ್ಕೊಂದು ಬೆಲೆ. ಆಯ್ಕೆಯೇ ಇಲ್ಲದ ಜೀವದ ಮೇಲೆ ಅದನ್ನು ಹೇರಿದರೆ ಪುಣ್ಯ ಯಾರ ಖಾತೆಗೂ ಬರಲ್ಲ.

‘ಹಾಗಾದ್ರೆ ಕೋಳಿಯ ಜೀವಕ್ಕೆ ಬೆಲೆ ಇಲ್ವಾ?’ ಅಂತ ನೀವು ಕೇಳಬಹುದು. ಖಂಡಿತ ಇದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಮುದ್ದಾಟ ನಮ್ಮದು, ಸಂಕಟ ಕೋಳಿಯದು. ಇದನ್ನು ಸಹಿಸೋಕೆ ಆಗದವರು ಮೊಲ ಸಾಕಲಿ, ಅದೂ ಪ್ರಾಮಾಣಿಕ ನಿರ್ಧಾರವೇ. ಬೆಕ್ಕು ಈಗಾಗಲೇ ಮನೆ ಸೇರಿದ್ದರೆ ಒಂದು ಮಾತು ನೆನಪಿರಲಿ: ಊಟ ಅದರ ಅಗತ್ಯ, ಟ್ರೀಟ್ ನಮ್ಮ ಸಂತೋಷ. ಹಾಗಾಗಿ ಟ್ರೀಟ್ ಕೊಟ್ಟಷ್ಟನ್ನು ಊಟದಲ್ಲಿ ಕಳೆಯಿರಿ. ಬೆಕ್ಕಿನ ತೂಕಕ್ಕೂ ಒಳ್ಳೇದು, ನಮ್ಮ ಖುಷಿಗೋಸ್ಕರ ಇನ್ನೊಂದು ಜೀವದ ಲೆಕ್ಕ ಬೆಳೆಯೋದೂ ತಪ್ಪುತ್ತೆ.

ಬೇಕಿದ್ದರೆ ಅದಕ್ಕೆ ಪಾತ್ರೆ ಬೇರೆ ಇಟ್ಕೊಳ್ಳಿ. ಅದರೊಳಗೆ ಏನು ಬೇಯ್ತಿದೆ ಅನ್ನೋದನ್ನು ಮಾತ್ರ ನೋಡದ ಹಾಗೆ ಇರಬೇಡಿ. ಪಾಪ-ಪುಣ್ಯದ ಲೆಕ್ಕ ಬೆಕ್ಕಿಗೆ ಬರಲ್ಲ. ಅದು ನಾವೇ ಹೊರಬೇಕಾದ ಪಾಲು.