ಸಹಿಯ ಹೊರೆ



ವಿಜಯನಗರದ ಪಕ್ಕದ ಹೊಸಹಳ್ಳಿಯ ಓಣಿಗಳಲ್ಲಿ ನೀವು ನಡೆದಿರಬಹುದು. ಚಿಕ್ಕ ನಿವೇಶನದಲ್ಲಿ ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ. ಕೆಳಗೆ ಮನೆಯೊಡೆಯರು, ಮೇಲೆ ಬಾಡಿಗೆಯವರು. ಅಲ್ಲಿಯ ಯುವಕನೊಬ್ಬ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಪರ್ಮಿಟ್ಟಿನ ಪರೀಕ್ಷೆಗೆ ಓದುತ್ತಿದ್ದಾನೆ. ಒಂದು ಸಂಜೆ ಪುಸ್ತಕ ಹಿಡಿದು ಬಂದವನು ಕೇಳಿದ: "ಫಾದರ್, ಲೋಡ್ ಲೆಕ್ಕ ನನಗೆ ಬರುತ್ತೆ. ಆದರೆ ನಾಳೆ ಮನೆ ಓನರ್ 'ಲೋಡ್ ಕಮ್ಮಿ ಬರಿಯಪ್ಪ' ಅಂದರೆ ಏನು ಮಾಡಲಿ?"

ಪ್ರಶ್ನೆ ಸಣ್ಣದೆನಿಸಬಹುದು; ಉತ್ತರ ಸುಲಭವಲ್ಲ. ಲೆಕ್ಕವನ್ನೇ ಮೊದಲು ನೋಡೋಣ. ಒಂದು ಸಂಸಾರಕ್ಕೆ 9 ವಾಟ್‌ನ ಹತ್ತು ದೀಪ, 75 ವಾಟ್‌ನ ನಾಲ್ಕು ಫ್ಯಾನ್, ಟಿವಿಗೆ 100, ಫ್ರಿಜ್‌ಗೆ 200, ಮಿಕ್ಸಿಗೆ 750, ಇಸ್ತ್ರಿಪೆಟ್ಟಿಗೆಗೆ 1000, ಗೀಸರ್‌ಗೆ 2000 ವಾಟ್ ಎಂದುಕೊಳ್ಳಿ. ಒಟ್ಟು 4440 ವಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 19 ಆಂಪಿಯರ್. ಮೂರು ಸಂಸಾರ ಸೇರಿದರೆ 13 ಕಿಲೋವಾಟ್ ದಾಟುತ್ತದೆ.

ಆದರೆ ಎಲ್ಲರೂ ಎಲ್ಲವನ್ನೂ ಒಂದೇ ಗಳಿಗೆಯಲ್ಲಿ ಬಳಸುವುದಿಲ್ಲ. ಆದ್ದರಿಂದ ಮೊತ್ತವನ್ನು ಒಂದಿಷ್ಟು ಇಳಿಸಲು ಶಾಸ್ತ್ರವೇ ಅನುಮತಿಸುತ್ತದೆ. ಇದಕ್ಕೆ 'ಡೈವರ್ಸಿಟಿ ಫ್ಯಾಕ್ಟರ್' ಎನ್ನುತ್ತಾರೆ. ಹಾಗಾದರೆ ಓನರ್ ಇಳಿಸಿದರೆ ಮಾತ್ರ ತಪ್ಪೇಕೆ? ಎರಡು ಕಡೆಯೂ ಅಂಕಿ ಇಳಿಯುತ್ತದಲ್ಲವೇ?

ವ್ಯತ್ಯಾಸವಿರುವುದು ಅಂಕಿ ಹುಟ್ಟುವ ಸ್ಥಳದಲ್ಲಿ. ಮೊದಲನೆಯದು ಆ ಮನೆಯವರ ಬದುಕನ್ನು ನೋಡಿ ಹುಟ್ಟಿದ್ದು. ಎರಡನೆಯದು ತಿಂಗಳ ನಿಗದಿತ ಶುಲ್ಕವನ್ನು ನೋಡಿ. ಬದುಕನ್ನು ನೋಡುವವನಿಗೆ ಗೊತ್ತಿರುತ್ತದೆ: ಭಾನುವಾರ ಬೆಳಿಗ್ಗೆ ಬಲಿಪೂಜೆಗೆ ಹೊರಡುವ ಮುನ್ನ ಮೂರೂ ಮನೆಗಳ ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೇ ಎಚ್ಚರಗೊಳ್ಳುತ್ತವೆ. ಸರಾಸರಿಯ ಲೆಕ್ಕ ಆ ಅರ್ಧ ಗಂಟೆಯನ್ನು ಕಾಯುವುದಿಲ್ಲ.

ಕಡಿಮೆ ಬರೆದ ಅಂಕಿಗೆ ತಕ್ಕಂತೆ ಸಣ್ಣ ತಂತಿ ಎಳೆಯುತ್ತಾರೆ, ಸಣ್ಣ ಎಂಸಿಬಿ ಕೂರಿಸುತ್ತಾರೆ. ಅದು ಪದೇ ಪದೇ ಟ್ರಿಪ್ ಆಗುತ್ತದೆ. ಬೇಸತ್ತ ಮನೆಯವರು ಯಾರನ್ನೋ ಕರೆಸಿ ದೊಡ್ಡ ಎಂಸಿಬಿ ಹಾಕಿಸುತ್ತಾರೆ. ಎಂಸಿಬಿ ಇರುವುದು ತಂತಿಯನ್ನು ಕಾಯಲು. ತಂತಿಯನ್ನು ಹಾಗೆಯೇ ಬಿಟ್ಟು ಕಾವಲುಗಾರನನ್ನು ಮಾತ್ರ ಬದಲಿಸಿದರೆ ಕಾವಲೇ ಇಲ್ಲದಂತಾಗುತ್ತದೆ. ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಗೋಡೆಯೊಳಗೆ ಕರಗುವ ಹೊದಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಓನರ್ ದುಷ್ಟನಲ್ಲ, ಸಾಲ ಮಾಡಿ ಮನೆ ಕಟ್ಟಿದವನು. ಆದರೆ ಇಲ್ಲಿ ಉಳಿತಾಯ ಒಬ್ಬನದು, ಅಪಾಯ ಇನ್ನೊಬ್ಬರದು. ಮೂರನೆಯ ಅಂತಸ್ತಿನಲ್ಲಿ ಮಲಗಿರುವ ಮಗುವನ್ನು ಯಾರೂ ಒಪ್ಪಿಗೆ ಕೇಳಿಲ್ಲ. ಈ ಕಾರಣಕ್ಕಾಗಿಯೇ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು, ಪರವಾನಗಿ ಪಡೆದ ಗುತ್ತಿಗೆದಾರ ಮತ್ತು ಅರ್ಹ ಮೇಲ್ವಿಚಾರಕರಿಲ್ಲದೆ ಇಂಥ ಕೆಲಸ ನಡೆಯಬಾರದೆನ್ನುತ್ತವೆ. ನಮ್ಮ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ನೀಡುವ ಪರ್ಮಿಟ್ಟು ಕೇವಲ ಜಾಣತನಕ್ಕೆ ಸಿಕ್ಕ ಪ್ರಮಾಣಪತ್ರವಲ್ಲ. ನೋಡಲಾಗದವರ ಪರವಾಗಿ ನೋಡುವ ಹೊಣೆ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟೇ: "ಓನರ್ ಜೊತೆ ಜಗಳ ಬೇಡಪ್ಪ. ಅಂಕಿ ಇಳಿಸುವ ಬದಲು ಹೊರೆ ಇಳಿಸುವ ದಾರಿ ತೋರಿಸು. ಗೀಸರ್ ಬದಲು ಸೋಲಾರ್ ಹಾಕಬಹುದೇ, ನೋಡು. ಮೂರು ಫೇಸ್ ಪಡೆದು ಮನೆಗಳಿಗೆ ಸಮನಾಗಿ ಹಂಚಿಕೊಡು. ಅದೂ ಒಲ್ಲೆ ಎಂದರೆ ನಿನ್ನ ಸಹಿಯನ್ನು ನಿನ್ನ ಜೇಬಿನಲ್ಲೇ ಇಟ್ಟುಕೊಂಡು ಬಾ."

"ಕೆಲಸ ಬೇರೆಯವನಿಗೆ ಹೋಗುತ್ತೆ ಫಾದರ್," ಎಂದ. ಹೋಗಬಹುದು, ಆ ನಷ್ಟ ಸುಳ್ಳೆಂದು ನಾನು ಹೇಳಲಾರೆ. ಆದ್ದರಿಂದಲೇ ಈ ಮಾತು ಅವನೊಬ್ಬನಿಗೆ ಸೇರಿದ್ದಲ್ಲ. ಮನೆ ಕಟ್ಟಿಸುವವರು ನಾವು. "ಸ್ವಲ್ಪ ಕಮ್ಮಿ ಬರಿಯಪ್ಪ" ಎನ್ನುವ ಬಾಯಿಯೂ ನಮ್ಮದೇ. ಆ ಮಾತನ್ನು ನಾವು ಆಡದಿದ್ದರೆ, ಒಬ್ಬ ಪ್ರಾಮಾಣಿಕನ ಹೊರೆ ಅಷ್ಟರಮಟ್ಟಿಗೆ ಹಗುರವಾಗುತ್ತದೆ.